ಮುಟ್ಟಿನ ಎರಡನೇ ದಿನ

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವಳಿಗೆ ತಣ್ಣೀರಕ್ಕ ಎಂದು ಹೆಸರು ಬಿದ್ದು ಹನ್ನೊಂದು ವರ್ಷವಾಗಿತ್ತು. ಹೊಸದಾಗಿ ಸೇರಿದವರು ರಕ್ತದ ಕಲೆಯಿದ್ದ ಚಾದರವನ್ನು ನೇರವಾಗಿ ಬಿಸಿನೀರಿನ ಯಂತ್ರಕ್ಕೆ ತುರುಕಲು ಹೋದರೆ, ಆ ತುದಿಯಿಂದಲೇ "ತಣ್ಣೀರು! ಮೊದಲು ತಣ್ಣೀರು!" ಎಂದು ಕೂಗುತ್ತಿದ್ದಳು. ಬಿಸಿ ತಾಗಿದರೆ ಕಲೆ ನೂಲಿಗೆ ಕಚ್ಚಿಕೊಂಡುಬಿಡುತ್ತದೆ. ಹೆರಿಗೆಯ ರಕ್ತ, ಗಾಯದ ರಕ್ತ, ಆಪರೇಷನ್ನಿನ ರಕ್ತ, ಎಲ್ಲವೂ ದಿನಾ ಅವಳ ಕೈಮೇಲೆ ಹಾದುಹೋಗುತ್ತಿದ್ದವು. ರಕ್ತ ಕಂಡು ಮೂಗು ಮುರಿಯುವ ಹೆಂಗಸಲ್ಲ ಅವಳು.

ಗಂಡ ಗಾಜಿನ ಕೆಲಸದವನು. ಎತ್ತರದ ಕಟ್ಟಡಗಳ ಹೊರಗೆ ಕಟ್ಟಿದ ಅಟ್ಟಣಿಗೆಯ ಮೇಲೆ ನಿಂತು ಕಿಟಕಿಗಳಿಗೆ ಗಾಜು ಕೂರಿಸುತ್ತಿದ್ದ. ಅವಳು ಹತ್ತು ಮಾತಾಡಿದರೆ ಅವನು ಒಂದು ಆಡುತ್ತಿದ್ದ, ಅದೂ ಅರ್ಧ. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಸೆ ಆರಿರಲಿಲ್ಲ.

ಆ ಭಾನುವಾರ ಅವಳ ಮುಟ್ಟಿನ ಎರಡನೇ ದಿನ. ಮಧ್ಯಾಹ್ನ ಊಟವಾದ ಮೇಲೆ ಮೊದಲು ಕೈಚಾಚಿದವಳು ಅವಳೇ.

"ಆಗುತ್ತಾ ನಿಂಗೆ?" ಎಂದು ಅವನು ಕೇಳಿದ.

"ಆಗದೆ ಏನು? ಹೊಟ್ಟೆನೋವೂ ಒಂಚೂರು ಇಳಿಯುತ್ತೆ. ಆ ಹಳೇ ಟವೆಲ್ ತಗೊಂಡು ಬಾ."

ಟವೆಲ್ ಸಾಲಲಿಲ್ಲ, ಚಾದರಕ್ಕೂ ತಾಗಿತು. ಅವಳು ನಗುತ್ತಲೇ ಅದನ್ನು ಬಕೆಟ್ಟಿನ ನೀರಿಗೆ ಹಾಕಿಟ್ಟಳು.

ಸಂಜೆಗೆ ಅವನ ಸೊಂಟದ ಎಡಗಡೆ ನೋವು ಹತ್ತಿತು. ಬೆಳಗಾಗುವಷ್ಟರಲ್ಲಿ ಹಾಸಿಗೆಯ ಮೇಲೆ ಹೊರಳಾಡತೊಡಗಿದ. ಬಚ್ಚಲಿಗೆ ಹೋಗಿ ಬಂದವನ ಮುಖ ಬಿಳುಚಿಕೊಂಡಿತ್ತು. "ಕೆಂಪಗೆ ಹೋಯ್ತು" ಎಂದ.

ಕೆಳಗಿನ ಮನೆಯಲ್ಲಿದ್ದ ಅವನ ಅಕ್ಕನಿಗೆ ನರಳಾಟ ಕೇಳಿಸಿತು. ಹೊಲಿಗೆ ಕೆಲಸ ಮಾಡಿ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಗಂಡನನ್ನು ಕಳೆದುಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿದ್ದಂತೆಯೇ ಮೇಲೆ ಓಡಿಬಂದಳು. ಬಿಸಿನೀರು ತರುತ್ತೇನೆಂದು ಬಚ್ಚಲಿಗೆ ಹೋದವಳು, ಬಕೆಟ್ಟಿನಲ್ಲಿ ನೆನೆಹಾಕಿದ್ದ ಚಾದರ ಕಂಡು ಬರಿಗೈಯಲ್ಲಿ ವಾಪಸು ಬಂದಳು.

"ನಿಂಗೆ ಎಷ್ಟನೇ ದಿನ?"

"ಇವತ್ತಿಗೆ ಮೂರು."

"ನಿನ್ನೆ ಬೇರೆ ಮಲಗಿದ್ರಾ?"

ತಣ್ಣೀರಕ್ಕ ಸುಳ್ಳು ಹೇಳಬಹುದಿತ್ತು. ಯಾಕೆ ಹೇಳಬೇಕು ಅನ್ನಿಸಿತು. "ಇಲ್ಲ ಅತ್ತಿಗೆ. ಒಟ್ಟಿಗೇ ಇದ್ವಿ."

"ಅವನ ಉಚ್ಚೇಲಿ ಬರ್ತಿರೋದು ನಿನ್ನ ರಕ್ತ ಕಣೇ!" ಅಕ್ಕ ಕಿರುಚಿದಳು. "ವಿಷ ಹತ್ತಿಸಿದೀಯ ನನ್ನ ತಮ್ಮಂಗೆ. ನಾಲ್ಕು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ?"

ಬಾಗಿಲು ಹಾರುಹೊಡೆದಿತ್ತು. ಪಕ್ಕದ ಮನೆಗಳ ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ ನಿಂತು ಕಿವಿ ಅಗಲಿಸಿಕೊಂಡು ಕೇಳುತ್ತಿದ್ದರು. ತಣ್ಣೀರಕ್ಕ ಗಂಡನ ಕಡೆ ನೋಡಿದಳು. ಅವನು ಗೋಡೆಯ ಕಡೆ ಹೊರಳಿಕೊಂಡ. ನೋವಿಗೆ ಹೊರಳಿದನೋ, ನಾಚಿಕೆಗೆ ಹೊರಳಿದನೋ, ಬೈಗುಳಕ್ಕಿಂತ ಆ ಬೆನ್ನು ಅವಳನ್ನು ಚುಚ್ಚಿತು.

"ಆಯ್ತು ಅತ್ತಿಗೆ. ಡಾಕ್ಟರ ಹತ್ರ ಹೋಗೋಣ, ನೀವೂ ಬನ್ನಿ. ಈಗ ಅಂದ್ರಲ್ಲ, ಅದನ್ನ ಅಲ್ಲೂ ಅನ್ನಿ. ಒಂದಕ್ಷರ ಬಿಡಬೇಡಿ."

"ನಾಚಿಕೆ ಇಲ್ವೇನೇ ನಿಂಗೆ?"

"ಇತ್ತು. ನೀವು ಬಾಗಿಲು ತೆಗೆದಿಟ್ಟು ಕೂಗಿದ್ರಲ್ಲ, ಮೆಟ್ಟಿಲಿಳಿದು ಓಡಿಹೋಯ್ತು."

ಆಸ್ಪತ್ರೆಯಲ್ಲಿ ನೋವಿಗೆ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ನರೆಗೂದಲಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅಕ್ಕನ ಮಾತನ್ನೆಲ್ಲ ಕೇಳಿಸಿಕೊಂಡರು. ಅಕ್ಕ ಒಂದಕ್ಷರವನ್ನೂ ಬಿಡಲಿಲ್ಲ. ಆಮೇಲೆ ಅವರು ತಿರುಗಿದ್ದು ಗಾಜಿನವನ ಕಡೆಗೆ.

"ಮೂತ್ರಪಿಂಡದಲ್ಲಿದ್ದ ಕಲ್ಲು ಜಾರಿ ಮೂತ್ರನಾಳದಲ್ಲಿ ಸಿಕ್ಕೊಂಡಿದೆ. ಗೀರ್ಕೊಂಡು ಬರ್ತಿದೆ, ಅದಕ್ಕೇ ರಕ್ತ. ದಿನಾ ನೀರು ಎಷ್ಟು ಕುಡೀತೀರಿ?"

"ಕೆಲಸದ ಹೊತ್ತಲ್ಲಿ ಕುಡಿಯಲ್ಲ. ಕುಡಿದ್ರೆ ಇಳೀಬೇಕು. ಹದಿನಾಲ್ಕು ಮಹಡಿ."

"ಮೊದಲೂ ನೋವಿತ್ತಾ?"

ಅವನು ತಲೆ ತಗ್ಗಿಸಿದ. "ಒಂದು ತಿಂಗಳಿಂದ ಬಂದು ಹೋಗ್ತಿತ್ತು."

"ತಿಂಗಳಿಂದ!" ತಣ್ಣೀರಕ್ಕನ ರಕ್ತ ಕುದಿಯಿತು. "ಗೊತ್ತಿದ್ದೂ ಗೋಡೆ ನೋಡ್ಕೊಂಡು ಮಲಗಿದ್ಯಲ್ಲ?" ಆಮೇಲೆ ಕುರ್ಚಿಯನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡಳು. "ಡಾಕ್ಟ್ರೇ, ಕಲ್ಲಿನ ವಿಷಯ ಗೊತ್ತಾಯ್ತು. ನಾನು ಕೇಳೋದು ಬೇರೆ. ಮುಟ್ಟಾದಾಗ ಗಂಡ ಹೆಂಡ್ತಿ ಕೂಡಿದ್ರೆ ಗಂಡಸಿಗೆ ಕಾಯಿಲೆ ಬರುತ್ತಾ? ಇವರಿಬ್ಬರ ಎದುರಿಗೇ ಹೇಳಿ."

"ಮುಟ್ಟಿನ ರಕ್ತ ವಿಷ ಅಲ್ಲಮ್ಮ. ಇಬ್ಬರಿಗೂ ಇಷ್ಟ ಇದ್ದು, ನೋವಾಗಲ್ಲ ಅಂದ್ರೆ ಯಾವ ಅಡ್ಡಿನೂ ಇಲ್ಲ. ಕೆಲವರಿಗೆ ಹೊಟ್ಟೆನೋವೂ ಹಗುರಾಗುತ್ತೆ. ಆದ್ರೆ ಎರಡು ವಿಷಯ ಮರೀಬೇಡಿ. ಇಬ್ಬರಲ್ಲಿ ಯಾರಿಗಾದ್ರೂ ಕೂಡುವಾಗ ಅಂಟುವಂಥ ಸೋಂಕಿದ್ರೆ, ಆ ದಿನಗಳಲ್ಲಿ ಇನ್ನೊಬ್ಬರಿಗೆ ದಾಟೋದು ಇನ್ನೂ ಸುಲಭ. ಅನುಮಾನ ಇದ್ರೆ ಪರೀಕ್ಷೆ ಮಾಡಿಸ್ಬೇಕು, ಕಾಂಡೋಮ್ ಹಾಕ್ಬೇಕು. ಇನ್ನೊಂದು, ಮುಟ್ಟಲ್ಲಿ ಬಸಿರಾಗಲ್ಲ ಅಂತ ಧೈರ್ಯ ಬೇಡ. ಆಗಬಹುದು."

"ಇವರ ಕಲ್ಲಿಗೂ ನನಗೂ?"

"ಏನೇನೂ ಸಂಬಂಧ ಇಲ್ಲ."

ತಣ್ಣೀರಕ್ಕ ಗೆದ್ದವಳ ಮುಖ ಮಾಡಿಕೊಂಡು ಅತ್ತಿಗೆಯ ಕಡೆ ತಿರುಗಿದಳು. ಅಕ್ಕ ಎರಡೂ ಕೈಯಲ್ಲಿ ಟೇಪನ್ನು ಹಿಂಡುತ್ತಿದ್ದಳು.

"ಎದೆ ಹಿಡ್ಕೊಂಡು ಸಾಯಲ್ವಾ?" ಎಂದು ಅಕ್ಕ ಮೆಲ್ಲಗೆ ಕೇಳಿದಳು. "ಗಂಡಸು. ಅದಾಗಿ ಹತ್ತು ದಿನಕ್ಕೆ?"

ಡಾಕ್ಟರಮ್ಮ ಕನ್ನಡಕವನ್ನು ಕಣ್ಣಿಗಿಳಿಸಿದರು. "ಯಾರು ಹಾಗಂದಿದ್ದು?"

"ನಮ್ಮತ್ತೆ. ಒಂದೇ ಕೋಣೆ, ಅವರಿಗೆ ನನ್ನ ದಿನ ಗೊತ್ತಾಗ್ತಿತ್ತು. ಹೆಣ ಇನ್ನೂ ಮನೇಲಿರುವಾಗಲೇ ಎಲ್ಲರೆದುರು ಅಂದ್ರು, ನನ್ನ ಮಗನ್ನ ನೀನೇ ತಿಂದ್ಕೊಂಡೆ ಅಂತ."

"ಹೃದಯ ನಿಂತು ಹೋದವರಿಗೆ ಹೃದಯದ ಕಾಯಿಲೆ ಇರುತ್ತಮ್ಮ. ನೀವು ಕೊಂದಿಲ್ಲ. ಯಾವ ಹೆಂಡತಿಯೂ ಹಾಗೆ ಕೊಲ್ಲೋಕಾಗಲ್ಲ."

ಅಕ್ಕ ಅಳಲಿಲ್ಲ. ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ತಣ್ಣೀರಕ್ಕ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಆದರೆ ಕೋಪ ಪೂರ್ತಿ ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

"ನಿಮಗೆ ಆದದ್ದನ್ನೇ ನನಗೆ ಮಾಡಿದ್ರಲ್ಲ ಅತ್ತಿಗೆ."

"ಹ್ಞೂಂ" ಎಂದಳು ಅಕ್ಕ. "ಮಾಡ್ದೆ."

ಮನೆಗೆ ಮರಳಿದಾಗ ಆ ಇಬ್ಬರು ಹೆಂಗಸರು ಮೆಟ್ಟಿಲ ಮೇಲೇ ಸಿಕ್ಕರು. "ಏನಂತೆ?" ಎಂದು ಗಾಜಿನವನನ್ನು ಕೇಳಿದರೂ ಅವರ ಕಣ್ಣು ಹೆಂಡತಿಯ ಮೇಲಿತ್ತು.

"ಕಲ್ಲಂತೆ" ಎಂದು ಅವನು ಒಂದು ಮೆಟ್ಟಿಲು ಹತ್ತಿದ.

ತಣ್ಣೀರಕ್ಕ ದಾರಿಗೆ ಅಡ್ಡ ನಿಂತಳು. "ಪೂರ್ತಿ ಹೇಳು. ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಅರ್ಧ ಕೇಳಿದಾರೆ, ಪಾಪ."

ಅವನು ಕೈಯಲ್ಲಿದ್ದ ಔಷಧಿ ಚೀಟಿ ನೋಡಿದ, ಹೆಂಡತಿಯನ್ನು ನೋಡಿದ. "ನೀರು ಕುಡೀದೆ ಬಂದ ಕಲ್ಲು. ಇವಳಿಂದ ಬಂದಿದ್ದಲ್ಲ. ನಿನ್ನೆ ಇವಳೊಬ್ಬಳಿಗೇ ಅಲ್ಲ, ನನಗೂ ಮನಸ್ಸಿತ್ತು. ಬೆಳಿಗ್ಗೆನೇ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾಯ್ತು."

ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡಳು. ಇನ್ನೊಬ್ಬಾಕೆ ಮಾತ್ರ ತಣ್ಣೀರಕ್ಕನ ಹಿಂದೆಯೇ ಮೇಲೆ ಬಂದು, "ಡಾಕ್ಟ್ರು ನಿಜವಾಗ್ಲೂ ಅಡ್ಡಿ ಇಲ್ಲ ಅಂದ್ರಾ?" ಎಂದು ಪಿಸುಗುಟ್ಟಿದಳು.

"ಅಂದ್ರು. ಒಳಗೆ ಬನ್ನಿ, ಎಲ್ಲ ಹೇಳ್ತೀನಿ. ಪಿಸುಗುಟ್ಟೋದು ಮಾತ್ರ ಬೇಡ."

ಕಲ್ಲು ಐದನೇ ದಿನ ಬಿದ್ದುಹೋಯಿತು. ಅದರ ಮರುದಿನ ಅಕ್ಕ ಒಳ್ಳೆಯ ಸೀರೆಯುಟ್ಟು ಮೇಲೆ ಬಂದಳು. ಊರಿನ ಆ ಕಡೆ ದೊಡ್ಡ ಮಗನ ಮನೆಯಲ್ಲಿರುವ ಮುದಿ ಅತ್ತೆಯನ್ನು ನೋಡಲು ಹೊರಟಿದ್ದಳು.

"ನಾನೂ ಬರ್ತೀನಿ ಅತ್ತಿಗೆ."

"ಬೇಡ. ಇದು ನನ್ನ ಪಾಲಿಂದು."

ಮಧ್ಯಾಹ್ನ ಬಿಸಿಲು ಹೊತ್ತುಕೊಂಡು ಬಂದಳು. ನಡೆದದ್ದನ್ನು ನಿಂತುಕೊಂಡೇ ಹೇಳಿದಳು. ಮುದುಕಿಗೆ ಕಿವಿ ಮಂದ. "ನಿಮ್ಮ ಮಗನ್ನ ನಾನು ಕೊಂದಿಲ್ಲ" ಎಂದರೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿದಳು, ಆಗಲೂ ಇಲ್ಲ. ಮೂರನೇ ಸಲ ಕೂಗಿದಾಗ ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

"ಅದಕ್ಕೇನಂದ್ರು?"

"ಯಾರಂದ್ರು ನೀನು ಕೊಂದೆ ಅಂತ? ಅಂದ್ರು." "ಅವರಿಗೆ ನೆನಪೇ ಇಲ್ಲ ಕಣೇ. ಇಪ್ಪತ್ತೆರಡು ವರ್ಷ ನಾನು ಹೊತ್ಕೊಂಡು ತಿರುಗಿದ್ದು ಅವರಿಗೆ ನೆನಪೇ ಇಲ್ಲ."

"ನೀವು ಸುಮ್ಮನೆ ಬಂದ್ರಾ?"

"ಯಾಕೆ ಬರ್ತೀನಿ? ಅಂದೋರು ನೀವೇ ಅಂದೆ. ಯಾವತ್ತು, ಯಾರ್ಯಾರ ಎದುರಿಗೆ, ಎಲ್ಲಾ ಹೇಳ್ದೆ. ಓಣಿಯವರು ಕೇಳ್ತಾ ಇದ್ರು. ಕೇಳ್ಲಿ ಅಂತ ಇನ್ನಷ್ಟು ಜೋರಾಗಿ ಹೇಳ್ದೆ."

ಅಷ್ಟು ಹೇಳಿ ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಗಂಟಲು ಒಡೆದು ಹೋಗಿತ್ತು. ಒಂದು ಚೊಂಬು ನೀರು ಕೇಳಿ, ಮೇಲೆತ್ತಿ ಗಟಗಟನೆ ಕುಡಿದಳು.