ಹತ್ತನೆಯವನ ಬೀಗದ ಕೈ

ಫೆಸ್ ನಗರದ ಮೆಲ್ಲಾದಲ್ಲಿ, ಎಂದರೆ ನಮ್ಮ ಯೆಹೂದಿಗಳ ಹಳೆಯ ಕೇರಿಯಲ್ಲಿ, ಬಂದವರನ್ನು ನಡೆಸಿಕೊಂಡು ಹೋಗಿ ಊರು ತೋರಿಸುವವರು ಇಬ್ಬರೇ: ನಾನು ಮತ್ತು ಬಹೀಜಾ. ನಾನು ರಸಾಯನಶಾಸ್ತ್ರದ ಪದವೀಧರ. ನನ್ನ ನಡಿಗೆ ಒಂದು ಗಂಟೆ ನಲವತ್ತು ನಿಮಿಷದ್ದು. ಹದಿನಾಲ್ಕು ನಿಲುಗಡೆ, ಪ್ರತಿಯೊಂದಕ್ಕೂ ಖಚಿತವಾದ ಇಸವಿ. ಬಹೀಜಾ ಮುಸ್ಲಿಂ ಹುಡುಗಿ. ನಮ್ಮವರು ಊರು ಬಿಟ್ಟ ಕಾಲದಲ್ಲಿ ಅವಳ ಅಜ್ಜ ಕೊಂಡ ಮನೆಯಲ್ಲಿ, ಸಿನಗಾಗ್ ಎಂಬ ನಮ್ಮ ಪ್ರಾರ್ಥನಾಮಂದಿರದ ಎದುರಿಗೇ ಹುಟ್ಟಿ ಬೆಳೆದವಳು. ಅವಳಿಗೆ ಒಂದು ಇಸವಿಯೂ ನೆಟ್ಟಗೆ ಬಾರದು. ಯಾವ ಅಟ್ಟದ ಮೇಲೆ ಯಾವ ಅತ್ತೆ ಸೊಸೆಯರು ಹಿಟ್ಟಿನ ಬೋಗುಣಿಗಾಗಿ ಜಗಳವಾಡಿದರೆಂಬುದನ್ನು ಹೇಳುತ್ತಾಳೆ; ಜನ ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಗುಂಪಿನವರು ಗಡಿಯಾರ ನೋಡಿಕೊಳ್ಳುತ್ತಾರೆ.

ಇದನ್ನು ಸಹಿಸಬಹುದಿತ್ತು. ಸಹಿಸಲಾಗದೆ ಇದ್ದದ್ದು ಬೀಗದ ಕೈ. ಸಿನಗಾಗನ್ನು ನೋಡಿಕೊಳ್ಳುವ ಎಂಬತ್ತಾರು ವರ್ಷದ ಫ್ರೇಹಾ ಅಜ್ಜಿ, ಅಂಗೈಯುದ್ದದ ಆ ಕಬ್ಬಿಣದ ಬೀಗದ ಕೈಯನ್ನು ಬಹೀಜಾಳ ಮನೆಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದರು. ಪ್ರತಿ ಸಲವೂ ನಾನು ನನ್ನ ಗುಂಪನ್ನು ಓಣಿಯಲ್ಲಿ ನಿಲ್ಲಿಸಿ ಅವಳ ಬಾಗಿಲು ತಟ್ಟಬೇಕು. ನನ್ನ ಮುತ್ತಜ್ಜ ಪ್ರಾರ್ಥಿಸಿದ ಜಾಗವನ್ನು ಅವಳು ತೆರೆದು ತೋರಿಸಬೇಕು.

"ನಂಗೂ ಒಂದು ಮಾಡಿಸಿಕೊಡಿ ಅಜ್ಜೀ," ಎಂದು ಒಮ್ಮೆ ಕೇಳಿದೆ.

"ಯಾಕೋ ಮಗಾ, ಬಾಗಿಲು ತಟ್ಟಿದ್ರೆ ನಿನ್ನ ಬೆರಳು ಸವೀತದಾ?"

"ಕೊಡ್ಬೇಡಿ ಲಲ್ಲಾ," ಎಂದಳು ಬಹೀಜಾ, ಹಿರಿಯ ಹೆಂಗಸರಿಗೆ ಇಲ್ಲಿ ಸಲ್ಲುವ ಗೌರವದ ಮಾತಿನಿಂದ ಅಜ್ಜಿಯನ್ನು ಕರೆದು, ಪುದೀನ ಸೊಪ್ಪು ಬಿಡಿಸುತ್ತಾ. "ಒಳಗಿರೋ ಜೇಡನ ಕಾಲೂ ಎಣಿಸಿ ಪಟ್ಟಿ ಮಾಡ್ತಾನೆ."

ಇಬ್ಬರೂ ನಕ್ಕರು. ಆ ನಗುವಿನಲ್ಲಿ ನನಗೆ ಪಾಲಿರಲಿಲ್ಲ.

ಮೇ ತಿಂಗಳಲ್ಲಿ ಮಾಂಟ್ರಿಯಲ್‌ನಿಂದ ಒಂದು ಗುಂಪು ಬಂತು. ಎಲ್ಲರೂ ಈ ಕೇರಿಯವರ ಮೊಮ್ಮಕ್ಕಳು. ಶನಿವಾರ, ಎಂದರೆ ಶುಕ್ರವಾರ ಸಂಜೆಗೇ ಶುರುವಾಗುವ ನಮ್ಮ ವಿಶ್ರಾಂತಿದಿನವಾದ ಸಬ್ಬತ್ತಿನ ಬೆಳಗ್ಗೆ, ಕೇರಿಯಲ್ಲಿ ನಡೆದು ಬಂದು ಅಜ್ಜಂದಿರ ಸಿನಗಾಗಿನಲ್ಲೇ ಪ್ರಾರ್ಥಿಸಬೇಕೆಂಬುದು ಅವರ ಆಸೆ. ಅವರನ್ನು ನಡೆಸಿ ತರುವವಳು ಬಹೀಜಾ; ಹೆಸರು ಹೇಳಿಯೇ ಕೇಳಿದ್ದರು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಗುಂಪಿನಲ್ಲಿ ಏಳು ಮಂದಿ, ಕೇರಿಯಲ್ಲಿ ಉಳಿದ ಮುದುಕರು ಇಬ್ಬರು.

"ನೀನು ಬಂದ್ರೆ ಹತ್ತಾಗ್ತದೆ," ಎಂದರು ಫ್ರೇಹಾ ಅಜ್ಜಿ.

ಬಹೀಜಾಳಿಗೆ ಮಾತು, ನನಗೆ ಸಂಖ್ಯೆ. ಅಂದು ಮಧ್ಯಾಹ್ನವೇ ನನ್ನ ಗುಂಪಿಗೆ ಈ ಸಲ ನಾನೇ ತೆರೆಯುತ್ತೇನೆಂದು ಅವಳಿಂದ ಬೀಗದ ಕೈ ಪಡೆದು, ಅದರ ಎರಡೂ ಮಗ್ಗುಲನ್ನು ಸಾಬೂನಿನಲ್ಲಿ ಒತ್ತಿಕೊಂಡೆ. ಹಲ್ಲುಗಳ ಉದ್ದವನ್ನು ಅರ್ಧ ಮಿಲಿಮೀಟರಿನವರೆಗೆ ಅಳೆದು ಬರೆದುಕೊಂಡೆ. ಶುಕ್ರವಾರ ಮಧ್ಯಾಹ್ನ ಕಮ್ಮಾರ ಹೊಸ ಬೀಗದ ಕೈಯನ್ನು ನನ್ನ ಕೈಗಿತ್ತ.

ಶನಿವಾರ ಬೆಳಗ್ಗೆ ಹೊಸ ಪಟ್ಟಣದ ನನ್ನ ಮನೆಯಿಂದ ಇಪ್ಪತ್ತೈದು ನಿಮಿಷ ನಡೆದು, ಎಲ್ಲರಿಗಿಂತ ಮುಂಚೆ ತಲುಪಿದೆ. ಬೀಗ ಒಂದೇ ಸುತ್ತಿಗೆ ತೆರೆಯಿತು. ಬೀಗದ ಕೈಯನ್ನು ಅದರಲ್ಲೇ ಬಿಟ್ಟು, ಹೊಸ್ತಿಲಲ್ಲಿ ಮನೆಯ ಯಜಮಾನನಂತೆ ನಿಂತೆ. ಗುಂಪು ಓಣಿಯ ತಿರುವಿನಲ್ಲಿ ಕಾಣಿಸಿತು. ಬೀಗದ ಕೈ ಹಿಡಿದಿದ್ದ ಬಹೀಜಾಳ ಕೈ ಅರ್ಧದಲ್ಲೇ ನಿಂತಿತು. ಈ ಕೆಲಸಕ್ಕಿಳಿದ ಮೂರು ವರ್ಷಗಳಲ್ಲಿ ನಾನು ಅಷ್ಟು ಸಂತೋಷಪಟ್ಟದ್ದಿಲ್ಲ.

ಅವಳ ತೋಳು ಹಿಡಿದು ಬಂದ ಫ್ರೇಹಾ ಅಜ್ಜಿ ಬಾಗಿಲನ್ನು ನೋಡಿದರು.

"ಯಾರು ತೆಗ್ದಿದ್ದು?"

"ನಾನೇ ಅಜ್ಜಿ. ನಂದೇ ಬೀಗದ ಕೈ."

"ಎಲ್ಲಿಂದ ತಂದೆ?"

"ಮನೆಯಿಂದ."

"ಇವತ್ತು? ಜೇಬಲ್ಲಿ ಇಟ್ಕೊಂಡು?"

ಆಗ ನನಗೆ ಹೊಳೆಯಿತು. ಸಬ್ಬತ್ತಿನಂದು ನಮಗೆ ನಿಷಿದ್ಧವಾದ ಕೆಲಸಗಳು ಮೂವತ್ತೊಂಬತ್ತು. ಹನ್ನೊಂದನೆಯ ನಿಲುಗಡೆಯಲ್ಲಿ ಅವನ್ನು ನಾನು ಕ್ರಮವಾಗಿ ಬೆರಳು ಮಡಿಸಿ ಹೇಳುತ್ತೇನೆ. ಕೊನೆಯದು, ಮನೆಯೊಳಗಿನ ವಸ್ತುವನ್ನು ಬೀದಿಗೆ ಒಯ್ಯುವುದು. ಅದಕ್ಕೇ ನಮ್ಮ ಹಿರಿಯರು ಬೀಗದ ಕೈಯನ್ನು ಮುಸ್ಲಿಂ ನೆರೆಯವರಲ್ಲಿ ಇಡುತ್ತಿದ್ದರು. ಆ ಮೊಳೆಯ ಕಾರಣ ಮೂರು ವರ್ಷವೂ ನನ್ನ ಬಾಯಲ್ಲೇ ಇತ್ತು. ಹೊಟ್ಟೆಕಿಚ್ಚಿನಲ್ಲಿ ನಾನು ಅದನ್ನು ಅಜ್ಜಿಯ ಪಕ್ಷಪಾತವೆಂದೇ ತಿಳಿದಿದ್ದೆ.

ಗುಂಪಿನ ಒಬ್ಬ ಹಿರಿಯರು ಟೋಪಿ ಸರಿಪಡಿಸಿಕೊಂಡು, "ಇವನೇನಾ ನಮ್ಮ ಹತ್ತನೇವ್ನು?" ಎಂದರು.

"ಹೂಂ, ಇವನೇ. ಓಡಿಸಿದ್ರೆ ಒಂಬತ್ತಾಗ್ತೀರಿ," ಎಂದರು ಅಜ್ಜಿ. ನನ್ನ ಕಡೆ ತಿರುಗಿ, "ಒಳಗೆ ನಡಿ. ಅದನ್ನ ಮತ್ತೆ ಮುಟ್ಬೇಡ," ಎಂದರು.

ಬಹೀಜಾ ಬೀಗದಿಂದ ನನ್ನದನ್ನು ಎಳೆದು, ತನ್ನದರ ಜೊತೆಗೆ ಅಂಗಿಯ ಜೇಬಿಗೆ ಹಾಕಿಕೊಂಡಳು. ಪ್ರಾರ್ಥನೆಯುದ್ದಕ್ಕೂ, ಹೊರಗೆ ಹೆಂಗಸರಿಗೆ ಅವಳು ಕಥೆ ಹೇಳುತ್ತಾ ಕೈಯಾಡಿಸಿದಾಗಲೆಲ್ಲ, ಎರಡು ಕಬ್ಬಿಣಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು.

ಭಾನುವಾರ ಅವಳೇ ನನ್ನ ಮನೆಗೆ ಬಂದಳು.

"ತಗೋ ಅಮ್ರಾಮ್. ನಮ್ದಕ್ಕಿಂತ ಸಲೀಸಾಗಿ ತಿರುಗ್ತದೆ. ಲಲ್ಲಾ ಫ್ರೇಹಾ ಇಟ್ಕೋ ಅಂದ್ರು."

ನನಗೆ ನಂಬಿಕೆಯಾಗಲಿಲ್ಲ. "ನಿಜವಾಗ್ಲೂ?"

"ಇಷ್ಟು ಕಷ್ಟಪಟ್ಟು ಕದ್ದಿದಾನೆ, ಪಾಪ, ಅಂದ್ರು. ಆದ್ರೆ ಶುಕ್ರವಾರ ಸಂಜೆಯಾಗೋ ಮುಂಚೆ ನಮ್ಮನೇಲಿ ಬಿಟ್ಟು ಹೋಗ್ಬೇಕಂತೆ. ಮೊಳೆ ಹೊಡ್ದಿದೀನಿ."

ಶುಕ್ರವಾರ ಇಳಿಹೊತ್ತಿಗೆ ಅವಳ ಬಾಗಿಲು ತಟ್ಟಿದೆ. ಬಾಗಿಲ ಹಿಂದೆ ಹಳೆಯ ಮೊಳೆ, ಅದರ ಕೆಳಗೆ ಹೊಸದು.

"ಚಹಾ ಕುಡ್ಕೊಂಡು ಹೋಗು," ಎಂದು ಬಹೀಜಾ ಒಳಗೆ ಹೋದಳು.

ನಾನು ಬೀಗದ ಕೈಯನ್ನು ತೂಗುಹಾಕಿ, ಅವಳು ಬರುವುದರೊಳಗೆ ಎರಡು ಮೊಳೆಗಳ ನಡುವೆ ಬೆರಳಿಟ್ಟು ಅಳೆದೆ. ನನ್ನದು ನಾಲ್ಕು ಬೆರಳು ಕೆಳಗಿತ್ತು.