ಎರಡನೆಯ ಏಟು

"ಬರಿಯೋ ಉದ್ದಣ್ಣ! ಪೆನ್ನು ಹಿಡ್ಕೊಂಡು ಏನು ಮದುವೆ ಗಂಡಿನ ಹಾಗೆ ನಾಚ್ಕೋತಿದ್ದೀಯ? ಪೊಲೀಸ್ನೋರು ಹೊರಗೆ ಕಾಯ್ತಿದ್ದಾರೆ," ಎಂದು ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ಗದರಿದ.

ಪಿಂಚಣಿ ಕಚೇರಿಯ ಗಾರ್ಡ್‌ಗಳಲ್ಲೆಲ್ಲ ಎತ್ತರದವನಾದ್ದರಿಂದ ಅವನು ಎಲ್ಲರ ಬಾಯಲ್ಲೂ ಉದ್ದಣ್ಣ. ಆರಡಿಯ ಆಳು ಒಂದು ಹಾಳೆ ಕಾಗದದ ಮುಂದೆ ಪೆನ್ನು ಹಿಡಿದು ಕೂತುಬಿಟ್ಟಿದ್ದ. ಅದು ಬಲಪ್ರಯೋಗದ ವರದಿ. ಯಾರ ಮೇಲೆ ಲಾಠಿ ಎತ್ತಿದರೂ ಆ ದಿನವೇ ತುಂಬಿ, ಕಣ್ಣಾರೆ ಕಂಡವರೊಬ್ಬರ ಸಹಿ ಹಾಕಿಸಬೇಕು. ಕೊನೆಯ ಖಾನೆಯೊಂದೇ ಉಳಿದಿತ್ತು: 'ವ್ಯಕ್ತಿ ಪ್ರತಿರೋಧ ನಿಲ್ಲಿಸಿದ ಮೇಲೂ ಬಲ ಬಳಸಿದ್ದೀರಾ?'

ಬೆಳಿಗ್ಗೆ ನಡೆದದ್ದು ಇಷ್ಟು. ಆರು ತಿಂಗಳಿಂದ ಚಪ್ಪಲಿ ಸವೆಸುತ್ತಿದ್ದ ಮುದುಕನೊಬ್ಬ, ನಿವೃತ್ತ ಡ್ರೈವರ್, ಇನ್ನೂ ಒಂದು ದಾಖಲೆ ಬೇಕು ಅನ್ನಿಸಿಕೊಂಡದ್ದೇ ತಡ, ಕಿಂಡಿಯೊಳಗೆ ಕೈ ತೂರಿಸಿ ಗುಮಾಸ್ತನ ಕಾಲರ್ ಹಿಡಿದ. ಬಿಡು ಅಂದರೂ ಬಿಡಲಿಲ್ಲ. ಗುಮಾಸ್ತನ ಉಸಿರು ಕಟ್ಟತೊಡಗಿತು. ಉದ್ದಣ್ಣ ಲಾಠಿಯಿಂದ ಮುದುಕನ ತೋಳಿಗೆ ಒಂದು ಬಿಟ್ಟ. ಮುದುಕ ಕಾಲರ್ ಬಿಟ್ಟು ಕೈ ಹೊರಗೆಳೆದುಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಬಿಟ್ಟವನನ್ನು ಹೊಡೆಯುವಂತಿಲ್ಲ ಅನ್ನುವ ಕಾನೂನು ಉದ್ದಣ್ಣನಿಗೆ ಬಾಯಿಪಾಠ. ಆದರೆ ತರಬೇತಿಯಲ್ಲಿ ಮೂರು ತಿಂಗಳು ಮರಳಿನ ಚೀಲದ ಮುಂದೆ ನಿಲ್ಲಿಸಿ 'ಒಂದು-ಎರಡು, ಒಂದು-ಎರಡು' ಎಂದು ಜೋಡಿ ಏಟೇ ಹೊಡೆಸಿದ್ದರು. ಕೈ ಎರಡನೆಯದನ್ನೂ ಹೊಡೆದೇಬಿಟ್ಟಿತು. ಮುದುಕನ ಮಣಿಕಟ್ಟು ಲಟಕ್ಕೆಂದಿತು.

"ಇಲ್ಲ ಅಂತ ಬರಿ," ಸೂಪರ್‌ವೈಸರ್ ಹತ್ತಿರ ಬಂದು ದನಿ ತಗ್ಗಿಸಿದ. "ಎರಡನೇದು ಬೀಳೋವಾಗ್ಲೂ ಕಾಲರ್ ಹಿಡ್ದೇ ಇದ್ದ ಅಂತ. ಕ್ಯಾಮೆರಾ ಕೆಟ್ಟು ಎಷ್ಟೋ ದಿನ ಆಯ್ತು."

"ಆಗ ಆ ಯಜಮಾನ್ರ ಗತಿ ಏನ್ ಸಾರ್?"

"ಸರ್ಕಾರಿ ನೌಕರನ ಮೇಲೆ ಹಲ್ಲೆ. ಒಳಗೆ ಹೋಗ್ತಾನೆ. ಹೌದು ಅಂತ ಬರೆದ್ರೆ ನೀನು ಹೋಗ್ತೀಯ. ಮನೇಲಿ ಎಂಟು ತಿಂಗಳ ಬಸುರಿ ಹೆಂಡ್ತಿ ಇದ್ದಾಳೆ, ನೆನಪಿರ್ಲಿ."

ಉದ್ದಣ್ಣನಿಗೆ ಹೆದರಿಕೆಯಾಯಿತು. ಹೆರಿಗೆಯ ದಿನ ತಾನು ಕಂಬಿಯ ಹಿಂದಿರುವುದು ಕಣ್ಣಿಗೆ ಕಟ್ಟಿತು.

"ಯಜಮಾನ್ರು ತಮ್ಮ ಹೇಳಿಕೆ ಕೊಡಲ್ವಾ?"

"ಕೊಡ್ತಾನೆ. ಕಣ್ಣು ಸರಿ ಕಾಣಲ್ಲ, ಸಹಿ ಹಾಕೋ ಕೈ ನೀನು ಮುರಿದಿದ್ದೀಯ. ಪೊಲೀಸ್ನೋರು ಏನು ಬರೀತಾರೋ ಅದಕ್ಕೆ ಎಡಗೈ ಹೆಬ್ಬೆಟ್ಟು ಒತ್ತುತಾನೆ, ಅಷ್ಟೇ."

ಉದ್ದಣ್ಣ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ 'ಹೌದು. ಕಾಲರ್ ಬಿಟ್ಟ ಮೇಲೆ ಹೊಡೆದೆ' ಎಂದು ಬರೆದ. ಅಕ್ಷರಗಳು ಸೊಟ್ಟಸೊಟ್ಟಗಿದ್ದವು.

ಸೂಪರ್‌ವೈಸರ್ ಓದಿ ಹಣೆ ಚಚ್ಚಿಕೊಂಡ. ಸಾಕ್ಷಿಯೆಂದು ಕರೆಸಿದ್ದ ಗುಮಾಸ್ತ ಇನ್ನೂ ಕೆಂಪಗಿದ್ದ ಕುತ್ತಿಗೆ ಸವರಿಕೊಳ್ಳುತ್ತ ಎರಡು ಸಲ ಓದಿದ. "ಇದು ನಿನ್ನ ಕುತ್ತಿಗೆಗೇ ಬರುತ್ತಲ್ಲಪ್ಪ," ಎಂದ. ಉದ್ದಣ್ಣ ತಲೆಯಾಡಿಸಿದ. ಗುಮಾಸ್ತ ನಿಟ್ಟುಸಿರುಬಿಟ್ಟು ಸಹಿ ಹಾಕಿದ.

"ಲಾಠಿ ಇಲ್ಲಿಟ್ಟು ನಡಿ," ಎಂದ ಸೂಪರ್‌ವೈಸರ್.

ಉದ್ದಣ್ಣ ಲಾಠಿ ಇಟ್ಟು, ಕಾಗದ ಹಿಡಿದುಕೊಂಡು ಹೊರಬಂದ. ಓಣಿಯ ಬೆಂಚಿನ ಮೇಲೆ ಮುದುಕ ಕೈಗೆ ಕಟ್ಟು ಹಾಕಿಸಿಕೊಂಡು ಪೊಲೀಸಿನವನ ಪಕ್ಕ ಕುಳಿತಿದ್ದ. ಎದುರಿಗೆ ಖಾಕಿಯ ಆ ಎತ್ತರದ ಆಕಾರ ಕಂಡದ್ದೇ ಗೋಡೆಗೆ ಒರಗಿ, ನೆಟ್ಟಗಿದ್ದ ಎಡಗೈಯನ್ನು ತಲೆಗೆ ಅಡ್ಡ ಹಿಡಿದ.

"ಇಲ್ಲ ಯಜಮಾನ್ರೇ," ಎಂದು ಉದ್ದಣ್ಣ ಅಲ್ಲೇ ನಿಂತ. ಕಾಗದವನ್ನು ಪೊಲೀಸಿನವನ ಕೈಗಿತ್ತು, ತನ್ನ ಎರಡೂ ಅಂಗೈಗಳನ್ನು ಬಿಡಿಸಿ ತೋರಿಸಿದ. ಮುದುಕನ ಕೈ ಇಳಿಯಲಿಲ್ಲ.