ಬೇರೆ ಡ್ರಮ್ಮು

ನಮ್ಮ ಯಜಮಾನರು ಪಂಚಾಕ್ಷರಯ್ಯನವರ ಮೂಗು ಚುರುಕು, ಬಾಯಿ ಅದಕ್ಕಿಂತ ಚುರುಕು. ಇವೆರಡರ ನಡುವೆ ಒಂದು ಗಳಿಗೆ ನಿಂತು ವಿಚಾರಿಸುವ ತಾಳ್ಮೆಯನ್ನು ಮಾತ್ರ ಶಿವ ಕೊಡಲಿಲ್ಲ. ಕೊಟ್ಟಿದ್ದರೆ ನಂಜಪ್ಪಣ್ಣ ಇವತ್ತಿಗೂ ನಮ್ಮ ಜಗುಲಿಯಲ್ಲಿ ಕೂತು, ಕಾಫಿಗೆ ಸಕ್ಕರೆ ಸಾಲದೆಂದು ನನ್ನನ್ನು ರೇಗಿಸುತ್ತಿದ್ದ.

ಅವನ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಒಂದು ಬದು ಅಷ್ಟೇ. ಅವನೂ ಇವರೂ ಅರಕಲಗೂಡಿನ ಶಾಲೆಗೆ ಒಟ್ಟಿಗೆ ನಡೆದವರು. ಹೋದ ವರ್ಷ ನಮ್ಮ ಬೀನ್ಸ್ ಗಿಡದ ಹೂವು ಕಾಯಿ ಕಚ್ಚದೆ ಉದುರುತ್ತಿದ್ದಾಗ ಅವನೇ ಒಂದು ಕ್ಯಾನು ಹೊತ್ತು ತಂದ.

"ಲೇ ಪಂಚಾಕ್ಷರಿ, ಇದ ನೀರಿಗೆ ಬೆರೆಸಿ ಹೊಡಿ ಕಣ್ಲಾ. ಗೊಬ್ರನೂ ಅಲ್ಲ, ವಿಷನೂ ಅಲ್ಲ. ಗಿಡಕ್ಕೆ ಒಸಿ ಸಕ್ತಿ ಬತ್ತದೆ ಅಷ್ಟೇಯ."

ಮುಚ್ಚಳ ತೆಗೆದರೆ ಹುಳಿ ಬಂದ ಬೆಲ್ಲದ ವಾಸನೆ. ಹೊಡೆದ ಮೇಲೆ ಗಿಡಗಳು ಚೇತರಿಸಿಕೊಂಡವು. ಕಾಯಿ ಎಳೆಯದಾಗಿ, ನೆಟ್ಟಗೆ, ಮುರಿದರೆ ಟಪ್ಪನೆ ಮುರಿಯುವಂತೆ ಬಂತು. ಹಾಸನದ ಮಾರ್ಕೆಟ್ಟಿನಲ್ಲಿ ಯಾವ ಔಷಧಿ ಎಂದು ಕೇಳಿದವರಿಗೆಲ್ಲ ಇವರು "ನಮ್ಮ ನಂಜಂದು" ಎಂದು ಬೀಗಿದರು.

ಮೊದಲ ಕೊಯ್ಲು ಮಠದ ದಾಸೋಹಕ್ಕೆ ಹೋಗುವುದು ನಮ್ಮ ಮನೆಯ ವಾಡಿಕೆ. ಆ ಸಲವೂ ಹೋಯಿತು. ಅದಾದ ಮೇಲೊಂದು ದಿನ ಇವರು ಕುಡುಗೋಲು ಕೇಳಲು ನಂಜಪ್ಪಣ್ಣನ ಕೊಟ್ಟಿಗೆಗೆ ಹೋದರೆ, ಅವನು ಡ್ರಮ್ಮಿನಿಂದ ರಸ ಸೋಸುತ್ತಿದ್ದ. ಬಟ್ಟೆಯ ತುಂಬ ಮೀನಿನ ಮುಳ್ಳು. ರಾಮನಾಥಪುರದ ಹೊಳೆಮೀನನ್ನು ಬೆಲ್ಲದಲ್ಲಿ ಕೊಳೆಹಾಕಿ ಮಾಡಿದ ರಸ ಅದು. ಪಕ್ಕದಲ್ಲೇ ನಮಗೆ ಕೊಟ್ಟಂಥದ್ದೇ ಕ್ಯಾನು.

ಇವರು ಏನೂ ವಿಚಾರಿಸದೆ, ಕುಡುಗೋಲನ್ನೂ ಕೇಳದೆ ಹಿಂದಿರುಗಿದರು. ಕಾಯಿ ತುಂಬಿದ್ದ ಗಿಡಗಳನ್ನು ಕಿತ್ತು ಗುಂಡಿಗೆ ಹಾಕಿದರು. ಸಂಜೆ ಡೈರಿಯ ಮುಂದೆ, ಊರವರೆಲ್ಲ ಹಾಲು ಹಾಕುವ ಹೊತ್ತಿನಲ್ಲಿ, ನಂಜಪ್ಪಣ್ಣನ ಮೇಲೆ ಹರಿಹಾಯ್ದರು.

"ದಾಸೋಹದ ಅನ್ನಕ್ಕೆ ಮೀನು ಬೆರೆಸ್ಬುಟ್ಯಲ್ಲೋ ಪಾಪಿ! ನಂಬಿದ್ದಕ್ಕೆ ಇಂಗಾ ಮಾಡೋದು?"

ನಂಜಪ್ಪಣ್ಣ ಇವರ ಮುಖವನ್ನೇ ನೋಡಿದ. ಆಮೇಲೆ ಹಾಲಿನ ಖಾಲಿ ಕ್ಯಾನು ಎತ್ತಿಕೊಂಡು ಹೊರಟುಹೋದ. ಬಾಯಿ ಬಿಡಲಿಲ್ಲವೆಂದರೆ ಒಪ್ಪಿಕೊಂಡ ಹಾಗೆ ಎಂದು ಇವರು ತೀರ್ಮಾನಿಸಿದರು. ನಾನೂ ಹಾಗೇ ಅಂದುಕೊಂಡೆ.

ಈ ವರ್ಷ ಮತ್ತೆ ಹೂವು ಉದುರತೊಡಗಿತು. ಮೊನ್ನೆ ಡೈರಿಯ ಸಾಲಿನಲ್ಲಿ ನನ್ನ ಹಿಂದೆ ನಂಜಪ್ಪಣ್ಣನ ಹೆಂಡತಿ ದೊಡ್ಡತಾಯಕ್ಕ ನಿಂತಿದ್ದಳು. ತಡೆಯಲಾರದೆ ಕೇಳಿಯೇ ಬಿಟ್ಟೆ. "ಮೀನಿನ ರಸ ಅಂತ ಮೊದ್ಲೇ ಏಳ್ಬಾರ್ದಿತ್ತಾ ಅಕ್ಕ?"

"ನಿಮ್ದರಲ್ಲಿ ಮೀನೆಲ್ಲಿತ್ತು ನೀಲವ್ವ? ಅದು ನಮ್ಮ ಸುಂಠಿಗೆ. ನಿಮ್ಗೆ ಅಂತ ಬ್ಯಾರೆ ಡ್ರಮ್ಮೇ ಮಡಗಿದ್ರು. ಪರಂಗಿಅಣ್ಣು, ಬಾಳೆಅಣ್ಣು, ಕುಂಬಳಕಾಯಿ, ಬೆಲ್ಲ. ಕಲಸೋ ಕೋಲೂ ಬ್ಯಾರೆ. ಲಿಂಗ ಕಟ್ಟೋರ ಮನೇದು ಅಂತ ನನ್ನೂ ಮುಟ್ಟಾಕೆ ಬುಡ್ತಿರ್ನಿಲ್ಲ."

"ಮತ್ಯಾಕೆ ಅವತ್ತು ಏಳ್ನಿಲ್ಲ?"

"ಕೇಳಿದ್ರೆ ಏಳೋರು. ನಿಮ್ಮೋರು ಕೇಳಿದ್ರಾ?"

ಅಷ್ಟು ಚುರುಕು ಮೂಗಿಗೆ ನಮ್ಮ ಕ್ಯಾನಿನಲ್ಲಿ ಮೀನಿನ ವಾಸನೆ ಎಂದಾದರೂ ಬಡಿದಿತ್ತೇ? ಮನೆಗೆ ಬಂದು ಹೇಳಿದೆ. ಇವರು ತಟ್ಟೆ ಮುಂದಿಟ್ಟುಕೊಂಡು ತುತ್ತು ಎತ್ತದೆ ಕೂತರು. ಬೈಯಬೇಕೆಂದಿದ್ದೆ, ಆ ಮುಖ ನೋಡಿ ಆಗಲಿಲ್ಲ.

ಮರುದಿನ ಇಬ್ಬರೂ ಅವನ ಮನೆಗೆ ಹೋದೆವು. ನಂಜಪ್ಪಣ್ಣ ಎದ್ದು ನಿಂತು, ಟವೆಲ್ಲಿನಿಂದ ಕುರ್ಚಿ ಒರೆಸಿದ. "ಬನ್ನಿ ಯಜಮಾನ್ರೇ, ಕೂತ್ಕಳಿ."

"ತಪ್ಪಾಯ್ತು ಕಣೋ ನಂಜ," ಎಂದು ಇವರು ಅತ್ತೇಬಿಟ್ಟರು.

"ಬುಡಿ, ಆಗಿದ್ದು ಆಗೋಯ್ತು." ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಇವರು ಕಣ್ಣೊರೆಸಿಕೊಂಡರು. "ಊವು ಉದುರ್ತಾ ಅದೆ ಕಣೋ. ಒಂದು ಕ್ಯಾನು ಕೊಡು," ಎಂದರು. ಬೀನ್ಸಿನ ಚಿಂತೆ ಯಾರಿಗಿತ್ತು! ಮೊದಲಿನ ಹಾಗೆ ಅವನು ಕ್ಯಾನು ಹೊತ್ತು ನಮ್ಮ ಜಗುಲಿಗೆ ಬರಲಿ ಎಂಬುದೊಂದೇ ಇವರ ಆಸೆ.

ನಂಜಪ್ಪಣ್ಣ ಕೊಟ್ಟಿಗೆಗೆ ಹೋದ. ತೊಳೆದು ಬೋರಲು ಹಾಕಿದ್ದ ಡ್ರಮ್ಮನ್ನೂ ಕೋಲನ್ನೂ ತಂದು ಇವರ ಮುಂದಿಟ್ಟ. ಹಣ್ಣಿಗೆ ಬೆಲ್ಲ ಎಷ್ಟು, ದಿನಾ ಹೇಗೆ ಕಲಸಬೇಕು, ನೀರೆಷ್ಟು ಬೆರೆಸಬೇಕು, ಎಲ್ಲವನ್ನೂ ಬಿಡಿಸಿ ಹೇಳಿದ.

"ಇದು ನಿಮ್ದೇ, ತಗಂಡೋಗಿ. ನಿಮ್ಮನೇಲಿ ನಿಮ್ಮ ಕೈಯಾರೆ ಮಾಡ್ಕಳಿ. ಆಗ ಯಾವ ಅನ್ಮಾನನೂ ಇರಾಕಿಲ್ಲ."

ನಮ್ಮನ್ನು ಬಾಗಿಲವರೆಗೆ ಕಳಿಸಲು ಬಂದ. ಇಷ್ಟು ವರ್ಷದಲ್ಲಿ ಎಂದೂ ಹಾಗೆ ಬಂದವನಲ್ಲ. ನೆಂಟರನ್ನು ತಾನೇ ಬಾಗಿಲಲ್ಲಿ ನಿಂತು ಕಳಿಸುವುದು?

ಡ್ರಮ್ಮನ್ನು ಇಬ್ಬರೂ ಹಿಡಿದು ಬದುವಿನ ಮೇಲೆ ನಡೆದೆವು. ಅರ್ಧ ದಾರಿಯಲ್ಲಿ ಇವರು ಅದನ್ನು ಕೆಳಗಿಟ್ಟು ತಿರುಗಿ ನೋಡಿದರು. ನಂಜಪ್ಪಣ್ಣ ಆಗಲೇ ಒಳಗೆ ಹೋಗಿದ್ದ.